ಕಟಿಂಗ್ ಅನ್ನೋ ಒಂದೇ ಪದ ಸಾಲದು

ಗಿಡದಿಂದ ಒಂದು ತುಂಡು ತೆಗೆದು, ಅದನ್ನು ನೆಟ್ಟು, ಇನ್ನೊಂದು ಗಿಡ ಮಾಡುವುದಕ್ಕೆ ಇವತ್ತಿನ ಇಂಗ್ಲಿಷಿನಲ್ಲಿ ಹೆಚ್ಚಾಗಿ ಕೇಳುವುದು ಒಂದೇ ಪದ, ಕಟಿಂಗ್. ನರ್ಸರಿಯವರೂ ಅದನ್ನೇ ಹೇಳುತ್ತಾರೆ, ಟಿವಿಯಲ್ಲಿ ತೋಟದ ಕಾರ್ಯಕ್ರಮ ಮಾಡುವವರೂ ಅದನ್ನೇ ಹೇಳುತ್ತಾರೆ. ಗುಲಾಬಿಯದ್ದಾದರೂ ಕಟಿಂಗ್, ಆಳೆತ್ತರದ ವಿಲ್ಲೋ ಗೂಟವಾದರೂ ಕಟಿಂಗ್. ಆದರೆ ಇಂಗ್ಲೆಂಡಿನ ಹಳ್ಳಿಗಳ ಹಳೆಯ ಮಾತಿನಲ್ಲಿ ಇದಕ್ಕೆ ಎಷ್ಟೊಂದು ಪದಗಳಿದ್ದವು. ಸ್ಲಿಪ್, ಪೈಪಿಂಗ್, ಸೆಟ್, ಕ್ವಿಕ್, ಟ್ರಂಚನ್, ಪಿಚರ್, ಇಂಪ್, ಗ್ರಾಫ್, ಸಿಯಾನ್. ಕೆಲವು ಇನ್ನೂ ಬದುಕಿವೆ, ಕೆಲವು ಬೇರೆ ಅರ್ಥ ಹೊತ್ತು ಬೇರೆ ಕಡೆ ತಿರುಗಾಡುತ್ತಿವೆ, ಕೆಲವು ನಿಘಂಟಿನಲ್ಲಿ ಮಾತ್ರ ಉಳಿದಿವೆ.

ನಾನಿರುವುದು ವೂಸ್ಟರ್‌ಶೈರ್‌ನಲ್ಲಿ. ಇಲ್ಲಿ ತರಕಾರಿ ಬೆಳೆದುಕೊಳ್ಳಲು ಕೌನ್ಸಿಲ್‌ನವರು ಸಣ್ಣ ಸಣ್ಣ ಜಾಗ ಬಾಡಿಗೆಗೆ ಕೊಡುತ್ತಾರೆ, ಅಲಾಟ್‌ಮೆಂಟ್ ಅಂತ. ನನ್ನ ಪಕ್ಕದ ಜಾಗದ ಹಿರಿಯರು ರೋಸ್‌ಮರಿ ಕಡ್ಡಿ ಕೊಡುವಾಗ ಯಾವತ್ತೂ ಕಟಿಂಗ್ ಅಂದವರಲ್ಲ, ಸ್ಲಿಪ್ ಅಂತಲೇ ಅನ್ನುತ್ತಾರೆ. ಅವರು ಕತ್ತರಿಯನ್ನೂ ಹಿಡಿಯುವುದಿಲ್ಲ. ಪಕ್ಕದ ಚಿಗುರನ್ನು ಬುಡದಲ್ಲಿ ಹಿಡಿದು ಕೆಳಕ್ಕೆ ಎಳೆಯುತ್ತಾರೆ. ಅದು ಹಳೆಯ ಕೊಂಬೆಯ ತೊಗಟೆಯ ಒಂದು ಚೂರನ್ನೂ ಬಾಲದ ಹಾಗೆ ಕಿತ್ತುಕೊಂಡು ಬರುತ್ತದೆ. ಈ ಹಳೆಯ ಪದಗಳ ಬಗ್ಗೆ ನನಗೆ ಅನ್ನಿಸುವುದು ಇಷ್ಟು: ಇವು ಬರೀ ಹೆಸರುಗಳಲ್ಲ, ಕೈ ಏನು ಮಾಡಬೇಕು ಅಂತ ಹೇಳುವ ಮಾತುಗಳು. ಕಿತ್ತದ್ದಕ್ಕೆ ಒಂದು ಪದ, ಎಳೆದದ್ದಕ್ಕೆ ಒಂದು, ಕಡಿದದ್ದಕ್ಕೆ ಒಂದು, ನೆಲಕ್ಕೆ ನಾಟಿದ್ದಕ್ಕೆ ಇನ್ನೊಂದು. ಪದ ಕಲಿತರೆ ಅರ್ಧ ಕೆಲಸ ಕಲಿತ ಹಾಗೆ.

ಸ್ಲಿಪ್ ಇಂಗ್ಲಿಷಿಗೆ ಬಂದದ್ದು 15ನೇ ಶತಮಾನದಲ್ಲಿ, ಡಚ್ ಮತ್ತು ಉತ್ತರ ಜರ್ಮನಿಯ ಕಡೆಯಿಂದ. ಅಲ್ಲಿ ಸ್ಲಿಪ್ಪೆ ಅಂದರೆ ಸೀಳು, ಉದ್ದಕ್ಕೆ ಸೀಳಿದ ಪಟ್ಟಿ. ಜಾರುವುದು ಅನ್ನುವ ಸ್ಲಿಪ್ ಬೇರೆ, ಇದು ಬೇರೆ. ಮ್ಯಾಕ್‌ಬೆತ್ ನಾಟಕದಲ್ಲಿ ಮಾಟಗಾತಿಯರು ಕಡಾಯಿಗೆ ಹಾಕುವ ಸಾಮಾನುಗಳಲ್ಲಿ ಯೂ ಮರದ ಸ್ಲಿಪ್‌ಗಳೂ ಇವೆ, ಚಂದ್ರಗ್ರಹಣದಲ್ಲಿ ಸೀಳಿ ತಂದದ್ದು. ಅಲ್ಲೂ ಕತ್ತರಿಸುವ ಮಾತಿಲ್ಲ, ಸೀಳುವ ಮಾತೇ ಇದೆ. ಹೀಗೆ ಸೀಳಿ ತೆಗೆಯುವುದಕ್ಕೆ ಕಾರಣವೂ ಇದೆ. ಬುಡದಲ್ಲಿ ಬಲಿತ ಕಟ್ಟಿಗೆಯ ಚೂರು ಇರುವುದರಿಂದ ಎಳೆ ಚಿಗುರು ಮಣ್ಣಿನಲ್ಲಿ ಬೇಗ ಕೊಳೆಯುವುದಿಲ್ಲ, ಬೇರೂ ಆ ಸಂದಿಯಿಂದಲೇ ಸುಲಭವಾಗಿ ಹೊರಡುತ್ತದೆ. ರೋಸ್‌ಮರಿ, ಲ್ಯಾವೆಂಡರ್, ಸೇಜ್, ಎಲ್ಲಕ್ಕೂ ಇದೇ ಒಳ್ಳೆಯದು. ಈಗಿನ ಪುಸ್ತಕಗಳಲ್ಲಿ ಇದಕ್ಕೆ ಹೀಲ್ ಕಟಿಂಗ್ ಅಂತ ಎರಡು ಪದ ಬೇಕಾಗಿದೆ, ಯಾಕೆಂದರೆ ಕಟಿಂಗ್ ಅಂತ ಮಾತ್ರ ಅಂದರೆ ಜನ ಕತ್ತರಿ ತೆಗೆದುಕೊಂಡು ಹೋಗಿ ನಡುವೆ ಕತ್ತರಿಸಿ ತರುತ್ತಾರೆ.

ಸ್ಲಿಪ್‌ಗಳು ಬಡವರ ತೋಟದ ಬಂಡವಾಳ. ದುಡ್ಡು ಕೊಟ್ಟು ಗಿಡ ತರುವ ಶಕ್ತಿ ಇಲ್ಲದ ಕೂಲಿಕಾರರ ಮನೆಗಳ ಮುಂದೆ ಹೂ ಅರಳಿದ್ದು ಹೆಚ್ಚಾಗಿ ಹೀಗೆ, ಬೇಲಿಯಾಚೆ ಕೈಚಾಚಿ ಕೊಟ್ಟ ಚಿಗುರುಗಳಿಂದ. ಅದಕ್ಕೇ ಅದರ ಸುತ್ತ ನಂಬಿಕೆಗಳೂ ಹುಟ್ಟಿಕೊಂಡಿವೆ. ಸ್ಲಿಪ್ ಕೊಟ್ಟವರಿಗೆ ಥ್ಯಾಂಕ್ಸ್ ಹೇಳಬಾರದು, ಹೇಳಿದರೆ ಗಿಡ ಹಿಡಿಯುವುದಿಲ್ಲ. ಕದ್ದು ತಂದದ್ದು ಇನ್ನೂ ಚೆನ್ನಾಗಿ ಬರುತ್ತದೆ. ನಮ್ಮೂರಿನ ಮನಿಪ್ಲಾಂಟಿನ ಕಥೆ ಇಲ್ಲೂ ಕೇಳಿಬಂದಾಗ ನನಗೆ ತುಂಬಾ ಖುಷಿಯಾಯಿತು.

ಪಿಂಕ್ಸ್ ಮತ್ತು ಕಾರ್ನೇಷನ್ ಹೂವಿನ ಗಿಡಗಳಿಗೆ ಮಾತ್ರ ಬೇರೆ ಪದ, ಪೈಪಿಂಗ್. ಕೆಳಗಿನ ಗೆಣ್ಣನ್ನು ಒಂದು ಕೈಯಲ್ಲಿ ಹಿಡಿದು ತುದಿಯನ್ನು ಇನ್ನೊಂದು ಕೈಯಲ್ಲಿ ಸಟ್ಟನೆ ಎಳೆದರೆ ತುದಿ ಗೆಣ್ಣಿನ ಸಂದಿಯಿಂದ ಬಿಚ್ಚಿಕೊಂಡು ಬರುತ್ತದೆ, ಬುಡ ಕೊಳವೆಯ ಹಾಗೆ ಕಾಣುತ್ತದೆ. ಅದಕ್ಕೇ ಪೈಪ್.

ಇನ್ನು ಕಾಗದದ ಸ್ಲಿಪ್. ನಾವು ಕನ್ನಡದಲ್ಲೂ ಚೀಟಿಗೆ ಸ್ಲಿಪ್ ಅಂತೀವಲ್ಲ, ಅದೂ ಇದೇ ಪದ. ಉದ್ದಕ್ಕೆ ಕತ್ತರಿಸಿದ ಕಿರಿದಾದ ತುಂಡು. ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣ ಜೋಸೆಫ್ ರೈಟ್. ಇಂಗ್ಲಿಷ್ ಉಪಭಾಷೆಗಳ ದೊಡ್ಡ ನಿಘಂಟನ್ನು 1898ರಿಂದ 1905ರವರೆಗೆ 6 ಸಂಪುಟಗಳಲ್ಲಿ ತಂದವರು ಅವರು. ಊರೂರಿನಿಂದ ಆಸಕ್ತರು ತಮ್ಮ ಕಡೆಯ ಪದಗಳನ್ನು ಒಂದೊಂದು ಸ್ಲಿಪ್‌ನಲ್ಲಿ ಬರೆದು ಕಳಿಸುತ್ತಿದ್ದರು, ಹಾಗೆ ಸೇರಿದ ಕಾಗದದ ತೂಕವೇ ಸುಮಾರು ಒಂದು ಟನ್ ಆಗಿತ್ತಂತೆ. ಗಿಡದ ಸ್ಲಿಪ್ಪಿಗೆ ಇರುವ ಹೆಸರುಗಳು ಉಳಿದದ್ದು ಕಾಗದದ ಸ್ಲಿಪ್ಪಿನಲ್ಲಿ.

ರೈಟ್ ಬಗ್ಗೆ ಇನ್ನೂ ಸ್ವಲ್ಪ ಹೇಳಲೇಬೇಕು, ನನಗೆ ಆ ಮನುಷ್ಯನ ಮೇಲೆ ಅಷ್ಟು ಗೌರವ. 1855ರಲ್ಲಿ ಯಾರ್ಕ್‌ಷೈರ್‌ನ ಬ್ರ್ಯಾಡ್‌ಫರ್ಡ್ ಹತ್ತಿರದ ಬಡ ಮನೆಯಲ್ಲಿ ಹುಟ್ಟಿದವರು. ಆಟ ಆಡುವ ವಯಸ್ಸಿನಲ್ಲೇ ಗಿರಣಿಗೆ ಸೇರಿದರು. 15ನೇ ವಯಸ್ಸಿನ ತನಕ ಓದು ಬರಹ ಬರುತ್ತಿರಲಿಲ್ಲ. ಆಮೇಲೆ ತಾವೇ ಕಲಿತು, ಜರ್ಮನಿಗೆ ಹೋಗಿ ಓದಿ, ಆಕ್ಸ್‌ಫರ್ಡ್‌ನಲ್ಲಿ ಪ್ರೊಫೆಸರ್ ಆದರು. ಅಂದರೆ ಹಳ್ಳಿ ಮಾತನ್ನು ಹೊರಗಿನಿಂದ ಬಂದು ಬರೆದುಕೊಂಡವರಲ್ಲ ಅವರು, ಅದೇ ಮಾತಾಡುತ್ತಾ ಬೆಳೆದವರು. ಇಂಥ ಕೆಲಸಕ್ಕೆ ಇಂಥವರೇ ಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಓದಿದ ಜನ ತಪ್ಪು ಇಂಗ್ಲಿಷ್ ಅಂತ ತಳ್ಳಿಹಾಕಿದ್ದನ್ನು ಅವರು ಅಂಥ ಭಾಷೆಗೂ ತನ್ನದೇ ಚರಿತ್ರೆ ಇದೆ ಅಂತ ಕೂಡಿಟ್ಟರು.

ಈಗ ಸೆಟ್. ಇದು ಅಚ್ಚ ಹಳೆಯ ಇಂಗ್ಲಿಷ್ ಕ್ರಿಯಾಪದದಿಂದ ಬಂದದ್ದು, ಇಡು, ಕೂರಿಸು ಅನ್ನುವ ಅರ್ಥ. ನೆಲದಲ್ಲಿ ಕೂರಿಸಿದ್ದೇ ಸೆಟ್. ಕೆಂಟ್‌ನಲ್ಲಿ ಬಿಯರ್‌ಗೆ ಹಾಕುವ ಹಾಪ್ಸ್ ಬಳ್ಳಿಯ ತುಂಡೂ ಸೆಟ್, ಬೀಜದ ಆಲೂಗಡ್ಡೆಯೂ ಸೆಟ್, ನೆಡುವ ಪುಟ್ಟ ಈರುಳ್ಳಿಯೂ ಸೆಟ್. ಇದಕ್ಕೆ ಕ್ವಿಕ್ ಸೇರಿಸಿದರೆ ಕ್ವಿಕ್‌ಸೆಟ್. ಇಲ್ಲಿ ಕ್ವಿಕ್ ಅಂದರೆ ಬೇಗ ಅಂತಲ್ಲ, ಜೀವಂತ ಅಂತ. ಹಳೆಯ ಇಂಗ್ಲಿಷಿನ ಕ್ವಿಕ್ ಅಂದರೆ ಉಸಿರಿರುವುದು. ಪಾದರಸಕ್ಕೆ ಕ್ವಿಕ್‌ಸಿಲ್ವರ್ ಅನ್ನುವುದೂ ಹಾಗೇ, ಜೀವ ಇರುವ ಬೆಳ್ಳಿ. ಬೇಲಿಗೆ ಎರಡು ದಾರಿ. ಒಣಗಿದ ಮುಳ್ಳು, ಗೂಟ, ಹಲಗೆ ತಂದು ಕಟ್ಟುವ ಸತ್ತ ಬೇಲಿ ಒಂದು. ಹಾಥಾರ್ನ್ ಎಂಬ ಮುಳ್ಳು ಗಿಡವನ್ನು ಸಾಲಾಗಿ ನೆಟ್ಟು ಬೆಳೆಸುವ ಜೀವಂತ ಬೇಲಿ ಇನ್ನೊಂದು. ಆ ಎರಡನೆಯದಕ್ಕೆ ನೆಡುವುದೇ ಕ್ವಿಕ್‌ಸೆಟ್. ಆಮೇಲೆ ಆ ಗಿಡಕ್ಕೇ ಕ್ವಿಕ್ ಅಂತ ಹೆಸರಾಗಿಬಿಟ್ಟಿತು, ಬೀಜದಿಂದ ಬೆಳೆಸಿ ತಂದ ಸಸಿಯಾದರೂ ಕ್ವಿಕ್ ಅಂತಲೇ ಅನ್ನತೊಡಗಿದರು.

ಆದರೆ ಈ ಚೆಂದದ ಪದಕ್ಕೆ ಒಂದು ನೋವಿನ ಚರಿತ್ರೆಯೂ ಅಂಟಿಕೊಂಡಿದೆ. ಊರಿನ ಜನ ಒಟ್ಟಿಗೆ ದನ ಮೇಯಿಸುತ್ತಿದ್ದ, ಸೌದೆ ಆರಿಸುತ್ತಿದ್ದ ಜಮೀನುಗಳನ್ನು ಪಾರ್ಲಿಮೆಂಟ್ ಕಾಯ್ದೆ ಮಾಡಿ ಒಬ್ಬೊಬ್ಬರ ಹೆಸರಿಗೆ ಹಂಚಿತು. 1604ರಿಂದ 1914ರ ನಡುವೆ ಇಂಥ 5,200ಕ್ಕೂ ಹೆಚ್ಚು ಕಾಯ್ದೆಗಳು ಬಂದವು. ಸುಮಾರು 68 ಲಕ್ಷ ಎಕರೆ, ಇಂಗ್ಲೆಂಡಿನ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಹಂಚಿದ ಮೇಲೆ ಬೇಲಿ ಹಾಕಬೇಕಲ್ಲ, ಆ ಬೇಲಿಗಳಿಗೆ ಹೋದದ್ದು ಲೆಕ್ಕವಿಲ್ಲದಷ್ಟು ಕ್ವಿಕ್. ಆಗ ನಾರ್ಥಾಂಪ್ಟನ್‌ಶೈರ್‌ಗೆ ಸೇರಿದ್ದ ಹೆಲ್ಪ್‌ಸ್ಟನ್ ಹಳ್ಳಿಗೆ ಈ ಕಾಯ್ದೆ ಬಂದದ್ದು 1809ರಲ್ಲಿ. ಕೂಲಿಕಾರನ ಮಗ, ಕವಿ ಜಾನ್ ಕ್ಲೇರ್ ಆ ಊರಿನವನು. ತಾನು ಅಲೆದಾಡಿದ ಬಯಲು ಬೇಲಿಯೊಳಗೆ ಹೋದದ್ದನ್ನು ಅವನು ಜೀವನವಿಡೀ ಬರೆದ, ತನ್ನ ಊರಿನ ಮಾತಿನಲ್ಲೇ ಬರೆದ. ಅವನ ಹಳ್ಳಿ ಪದಗಳನ್ನು ಪ್ರಕಾಶಕರು ಎಷ್ಟೋ ಕಡೆ ತಿದ್ದಿ ನಯ ಮಾಡಿದರು. ಈಗ ಇಂಗ್ಲೆಂಡಿನ ಹಳ್ಳಿ ಚೆಲುವು ಅಂತ ಕ್ಯಾಲೆಂಡರಿನಲ್ಲಿ ಹಾಕುವ ಹಸಿರು ಬೇಲಿಗಳ ಚೌಕಗಳಲ್ಲಿ ತುಂಬಾ ಆ ಕಾಲದವು. ನಾನು ಅವುಗಳ ಪಕ್ಕದಲ್ಲೇ ನಡೆದು ಹೋಗುತ್ತೇನೆ. ಮೇ ತಿಂಗಳಲ್ಲಿ ಬಿಳಿ ಹೂ ಬಿಟ್ಟಾಗ ನೋಡಲು ನಿಜಕ್ಕೂ ಚೆಂದ. ಆದರೂ ಜೀವಂತ ಅನ್ನುವ ಅರ್ಥದ ಪದ ಎಷ್ಟೋ ಜನರ ಜೀವನ ಕಿತ್ತುಕೊಂಡ ಕೆಲಸಕ್ಕೆ ಬಳಕೆಯಾಯಿತಲ್ಲ ಅನ್ನುವುದು ಮನಸ್ಸಿನಿಂದ ಹೋಗುವುದಿಲ್ಲ.

ಇನ್ನು ದಪ್ಪ ತುಂಡುಗಳ ಸರದಿ. ಟ್ರಂಚನ್ ಅಂದರೆ ಇವತ್ತು ಇಂಗ್ಲಿಷ್ ಪೊಲೀಸರ ಲಾಠಿ. ಮೊದಲ ಅರ್ಥ ಕಡಿದ ತುಂಡು. ಫ್ರೆಂಚ್ ಮೂಲಕ ಲ್ಯಾಟಿನ್ನಿನ ಟ್ರುಂಕುಸ್‌ನಿಂದ ಬಂದದ್ದು, ಮರದ ಕಾಂಡಕ್ಕೆ ಟ್ರಂಕ್ ಅನ್ನುವುದೂ ಅದೇ ಬೇರಿನ ಪದ. ಕೈಗಾತ್ರದ ಅಥವಾ ಅದಕ್ಕಿಂತ ದಪ್ಪದ ಕೊಂಬೆಯನ್ನು ಕಡಿದು ನೇರವಾಗಿ ನೆಲಕ್ಕೆ ಇಳಿಸಿದರೆ ಅದು ಟ್ರಂಚನ್. ಹಿಪ್ಪುನೇರಳೆ ಮರವನ್ನು ಹೀಗೆ ಬೆಳೆಸುವ ರೂಢಿ ಇಲ್ಲಿ ತುಂಬಾ ಹಳೆಯದು. 1664ರಲ್ಲಿ ಕಾಡು ಮರಗಳ ಬಗ್ಗೆ ಬರೆದ ಜಾನ್ ಈವ್ಲಿನ್ ಕೂಡ ಈ ಪದ ಬಳಸುತ್ತಾನೆ. ಮಲೆನಾಡಿನ ಕಾಫಿ ತೋಟ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಅಲ್ಲಿ ನೆರಳಿಗೆ ಹಾಲುವಾಣದ ಗೂಟ ನೆಡುವುದೂ ಇದೇ ಕೆಲಸ.

ಎಲ್ಲ ಮರವೂ ಹೀಗೆ ಒಪ್ಪಿಕೊಳ್ಳುವುದಿಲ್ಲ. ಓಕ್ ಗೂಟ ನೆಟ್ಟರೆ ಗೂಟವಾಗೇ ಇರುತ್ತದೆ. ವಿಲ್ಲೋ, ಪಾಪ್ಲರ್ ಮರಗಳ ಕೊಂಬೆಯೊಳಗೆ ಬೇರಿನ ಮೊಳಕೆಗಳು ಮೊದಲೇ ತಯಾರಾಗಿ ಮಲಗಿರುತ್ತವೆ, ನೆಲದ ತೇವ ಸಿಕ್ಕಿದ ಕೂಡಲೇ ಹೊರಗೆ ಬರುತ್ತವೆ. ಕೆಲವು ಹಳೆಯ ಸೇಬಿನ ಜಾತಿಗಳಲ್ಲಿ ಈ ಮೊಳಕೆಗಳು ಕೊಂಬೆಯ ಮೇಲೆ ಗಂಟು ಗಂಟಾಗಿ ಕಣ್ಣಿಗೇ ಕಾಣುತ್ತವೆ. ಅದಕ್ಕೆ ಬರ್-ನಾಟ್ ಅಂತಾರೆ. ಸೇಬಿಗೆ ಕಸಿಯೇ ಬೇಕು ಅನ್ನುವುದು ಸಾಮಾನ್ಯ ನಿಯಮ, ಆದರೆ ಈ ಗಂಟಿನ ಸೇಬುಗಳಿಗೆ ಅದು ಬೇಡ. ಗಂಟಿರುವ ಕೊಂಬೆ ಮುರಿದು ನೆಲಕ್ಕೆ ಚುಚ್ಚಿದರೆ ಸಾಕು. ಇಂಗ್ಲೆಂಡಿನ ಪಶ್ಚಿಮದ ಜಿಲ್ಲೆಗಳಲ್ಲಿ ಇಂಥ ಕೊಂಬೆಗೂ ಇಂಥ ಮರಕ್ಕೂ ಪಿಚರ್ ಅಂತ ಹೆಸರು. ನೀರಿನ ಹೂಜಿಯ ಪಿಚರ್‌ಗೂ ಇದಕ್ಕೂ ಸಂಬಂಧ ಇಲ್ಲ. ಪಿಚ್ ಅಂದರೆ ನಾಟು, ನೆಲಕ್ಕೆ ಊರು. ಡೇರೆ ಪಿಚ್ ಮಾಡುವುದೂ ಅದೇ. ಕ್ರಿಕೆಟ್ ಪಿಚ್ ಅನ್ನುವುದೂ ಸ್ಟಂಪ್ ನಾಟುವುದರಿಂದಲೇ ಬಂದದ್ದು. ಈ ಎಲ್ಲ ಪದಗಳಲ್ಲಿ ನನಗೆ ಅತಿ ಇಷ್ಟವಾದದ್ದು ಪಿಚರ್. ಎಷ್ಟು ಸಲೀಸು ನೋಡಿ, ಕೊಂಬೆ ತೊಗೊ, ನಾಟು, ಆಯಿತು.

ಕ್ರಿಕೆಟ್ ಮಾತು ಬಂತಲ್ಲ, ಒಂದು ವಿಷಯ ಹೇಳಿಬಿಡುತ್ತೇನೆ. ಬ್ಯಾಟಿಗೆ ಬೇಕಾದ ವಿಲ್ಲೋ ಮರ ಎಸೆಕ್ಸ್, ಸಫೊಕ್ ಕಡೆ ಹೊಳೆ ದಂಡೆಯಲ್ಲಿ ಬೆಳೆಯುತ್ತದೆ. ಅದನ್ನು ಬೀಜದಿಂದ ಬೆಳೆಸುವುದಿಲ್ಲ. ಮೋಟುಗಳಿಂದ ನೇರವಾಗಿ ಎದ್ದ, ಸುಮಾರು 10–12 ಅಡಿ ಉದ್ದದ, ಬೇರಿಲ್ಲದ ಗಳುವನ್ನು ಚಳಿಗಾಲದಲ್ಲಿ ಕಡಿದು ಆಳವಾಗಿ ನೆಲಕ್ಕೆ ಇಳಿಸುತ್ತಾರೆ. ಆ ಗಳುವಿಗೆ ಇವತ್ತಿಗೂ ಸೆಟ್ ಅಂತಲೇ ಹೆಸರು, ಈ ಮರ ಬೆಳೆಸುವವರು ಕಟಿಂಗ್ ಅನ್ನುವುದಿಲ್ಲ. ನೆಟ್ಟ ಮೇಲೆ ಕೆಳಗಿನ ಮೊಗ್ಗುಗಳನ್ನು ಕೈಯಿಂದ ಉಜ್ಜಿ ತೆಗೆಯುತ್ತಿರಬೇಕು, ಇಲ್ಲದಿದ್ದರೆ ಅಲ್ಲಿ ಕೊಂಬೆ ಬಂದು ಗಂಟಾಗುತ್ತದೆ, ಗಂಟಿನ ಮರ ಬ್ಯಾಟಿಗೆ ಬರುವುದಿಲ್ಲ. ಹೀಗೆ 15ರಿಂದ 20 ವರ್ಷ ಕಾಯಬೇಕು. ಬೆಂಗಳೂರಿನ ಅಂಗಡಿಯಲ್ಲಿ ಇಂಗ್ಲಿಷ್ ವಿಲ್ಲೋ ಅಂತ ದುಬಾರಿಗೆ ಮಾರುವ ಬ್ಯಾಟ್ ಇದೆಯಲ್ಲ, ಅದು ಹೀಗೆ ಯಾರೋ ನಾಟಿದ ಒಂದು ಸೆಟ್‌ನಿಂದ ಬಂದದ್ದು.

ಈಗ ಇಂಪ್. ಇವತ್ತು ಇಂಪ್ ಅಂದರೆ ಪುಟ್ಟ ದೆವ್ವ, ಅಥವಾ ತುಂಟ ಮಗು. ಆದರೆ ಸಾವಿರ ವರ್ಷದ ಹಿಂದೆ ಇಂಪ್ ಅಂದರೆ ಎಳೆಯ ಚಿಗುರು, ಕಸಿ ಕಡ್ಡಿ. ಗ್ರೀಕಿನಲ್ಲಿ ಒಳಗೆ ನೆಟ್ಟದ್ದು ಅನ್ನುವ ಅರ್ಥದ ಎಂಫುತೊಸ್ ಲ್ಯಾಟಿನ್ನಿಗೆ ಬಂದು, ಅಲ್ಲಿಂದ ಜರ್ಮನ್ ಬಳಗದ ಭಾಷೆಗಳಿಗೆ ಇಳಿಯಿತು. 9ನೇ ಶತಮಾನದ ಕೊನೆಯಲ್ಲಿ ಆಲ್‌ಫ್ರೆಡ್ ರಾಜ ಪೋಪ್ ಗ್ರೆಗರಿಯ ಒಂದು ಪುಸ್ತಕವನ್ನು ಇಂಗ್ಲಿಷಿಗೆ ತಂದ. ದೇವರ ಜನ ಸೇಬಿನ ತೋಟದಲ್ಲಿ ಇದ್ದುಕೊಂಡು ತಮ್ಮ ಸಸಿಗಳನ್ನೂ ಇಂಪ್‌ಗಳನ್ನೂ ಪೂರ್ತಿ ಬೆಳೆಯುವ ತನಕ ಚೆನ್ನಾಗಿ ನೋಡಿಕೊಳ್ಳುತ್ತಾರೆ ಅಂತ ಅದರಲ್ಲಿ ಬರುತ್ತದೆ. ಸಸಿಯಿಂದ ಮಗುವಿಗೆ ಬರಲು ಎಷ್ಟು ಹೊತ್ತು? ದೊಡ್ಡ ಮನೆತನದ ಕುಡಿಗೆ ಇಂಪ್ ಅನ್ನುವುದು ಗೌರವದ ಮಾತೇ ಆಯಿತು. ವಾರಿಕ್‌ನ ಸೇಂಟ್ ಮೇರಿ ಚರ್ಚಿನಲ್ಲಿ 1584ರಲ್ಲಿ ತೀರಿಕೊಂಡ ಒಂದು ಪುಟ್ಟ ಹುಡುಗನ ಸಮಾಧಿ ಇದೆ, ಎಲಿಜಬೆತ್ ರಾಣಿಯ ಆಪ್ತ ರಾಬರ್ಟ್ ಡಡ್ಲಿಯ ಮಗ. ಕಲ್ಲಿನಲ್ಲಿ ಅವನನ್ನು ಕುಲೀನ ಇಂಪ್ ಅಂತ ಕರೆದಿದ್ದಾರೆ. ಅದನ್ನು ಈಗ ಓದಿದವರಿಗೆ ತಮಾಷೆಯಾಗಿ ಕಾಣಬಹುದು, ಆದರೆ ಅದು ಮಗು ಕಳೆದುಕೊಂಡ ಅಪ್ಪ ಅಮ್ಮ ಬರೆಸಿದ ಮಾತು. ಕೆಟ್ಟ ಅರ್ಥ ಬಂದದ್ದು ಸೈತಾನನ ಇಂಪ್, ನರಕದ ಇಂಪ್ ಅಂತ ಜನ ಬೈಯತೊಡಗಿದಾಗ. ಕೊನೆಗೆ ಸೈತಾನ ಬಿಟ್ಟುಹೋದರೂ ಬೈಗುಳ ಮಾತ್ರ ಉಳಿಯಿತು.

ಜರ್ಮನಿಯಲ್ಲಿ ಅದೇ ಪದ ಬೇರೆ ದಾರಿ ಹಿಡಿಯಿತು. ಇಂಪ್‌ಫೆನ್ ಅಂದರೆ ಅಲ್ಲಿ ಲಸಿಕೆ ಹಾಕುವುದು. ಕೊರೋನಾ ಕಾಲದಲ್ಲಿ ಜರ್ಮನಿಯಲ್ಲಿದ್ದ ಕನ್ನಡಿಗರು ಲಸಿಕಾ ಕೇಂದ್ರದ ಬೋರ್ಡಿನಲ್ಲಿ ಈ ಪದವನ್ನು ಎಷ್ಟು ಸಲ ಓದಿರಬೇಕು. ಇಂಗ್ಲಿಷಿನ ಇನಾಕ್ಯುಲೇಟ್ ಕೂಡ ತೋಟದ ಮಾತೇ. ಲ್ಯಾಟಿನ್ನಿನಲ್ಲಿ ಓಕುಲುಸ್ ಅಂದರೆ ಕಣ್ಣು, ಗಿಡದ ಮೊಗ್ಗಿಗೂ ಕಣ್ಣು ಅಂತಲೇ ಅನ್ನುತ್ತಿದ್ದರು. ನಾವೂ ಕಬ್ಬಿನ ಕಣ್ಣು ಅಂತೀವಿ, ಗುಲಾಬಿಗೆ ಕಣ್ಣು ಕಸಿ ಅಂತೀವಿ. ತೊಗಟೆ ಸೀಳಿ ಇನ್ನೊಂದು ಗಿಡದ ಕಣ್ಣನ್ನು ಒಳಗೆ ಕೂರಿಸುವುದೇ ಇನಾಕ್ಯುಲೇಟ್ ಪದದ ಮೊದಲ ಅರ್ಥ. ಮೇರಿ ವರ್ಟ್ಲಿ ಮಾಂಟಗ್ಯೂ ಎಂಬ ಇಂಗ್ಲಿಷ್ ಹೆಂಗಸು 1717ರಲ್ಲಿ ಟರ್ಕಿಯಿಂದ ಗೆಳತಿಗೆ ಕಾಗದ ಬರೆದಳು. ಅಲ್ಲಿನ ಮುದುಕಿಯರು ಸಿಡುಬಿನ ಕೀವನ್ನು ಸೂಜಿಯಿಂದ ಚರ್ಮದೊಳಗೆ ಇಟ್ಟು ರೋಗ ಜೋರಾಗದ ಹಾಗೆ ಮಾಡುತ್ತಾರೆ, ಅದಕ್ಕೆ ಇನ್‌ಗ್ರಾಫ್ಟಿಂಗ್ ಅಂತಾರೆ, ಅಂತ. ಅಂದರೆ ಕಸಿ ಕಟ್ಟುವುದು. ಅವಳಿಗೂ ಸಿಡುಬು ಬಂದು ಹೋಗಿತ್ತು, ತಮ್ಮ ಅದರಿಂದಲೇ ಸತ್ತಿದ್ದ. ಅವಳು ಮಗನಿಗೆ ಟರ್ಕಿಯಲ್ಲೂ ಮಗಳಿಗೆ 1721ರಲ್ಲಿ ಲಂಡನ್‌ನಲ್ಲೂ ಹಾಕಿಸಿದಳು. ಹೊಸ ಚಿಕಿತ್ಸೆಯನ್ನು ವಿವರಿಸಲು ಜನರಿಗೆ ತೋಟದ ಮಾತು ಸಾಕಾಯಿತು, ಯಾಕೆಂದರೆ ಆಗ ಕಸಿ ಅನ್ನುವುದು ಎಲ್ಲರೂ ನೋಡಿದ ಕೆಲಸ.

ಗ್ರಾಫ್ಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗ್ರೀಕಿನಲ್ಲಿ ಬರೆಯುವ ಚೂಪು ಕಡ್ಡಿಗೆ ಇದ್ದ ಹೆಸರಿನಿಂದ ಬಂದದ್ದು ಅದು. ತುದಿ ಹರಿತ ಮಾಡಿದ ಕಸಿ ಕಡ್ಡಿ ಲೇಖನಿಯ ಹಾಗೇ ಕಾಣುತ್ತದೆ. ಹಳೆಯ ರೂಪ ಗ್ರಾಫ್, ಕೊನೆಯ ಟಕಾರ ಆಮೇಲೆ ಅಂಟಿಕೊಂಡದ್ದು. 1611ರ ಇಂಗ್ಲಿಷ್ ಬೈಬಲ್‌ನಲ್ಲಿ ಇನ್ನೂ ಟಕಾರ ಇಲ್ಲದ ರೂಪವೇ ಇದೆ. ಸಿಯಾನ್ ಫ್ರೆಂಚಿನಿಂದ ಬಂದದ್ದು, ಚಿಗುರು, ಕುಡಿ ಅಂತ. ದಸರಾ ಬಂದಾಗ ನಮ್ಮ ಇಂಗ್ಲಿಷ್ ಪತ್ರಿಕೆಗಳು ಮೈಸೂರು ರಾಜಮನೆತನದವರಿಗೆ ಸಿಯಾನ್ ಅಂತ ಬರೆಯುತ್ತವಲ್ಲ, ಅದೇ.

ಇಷ್ಟೆಲ್ಲ ಪದ ಇದ್ದರೂ ಒಂದು ಮಾತು ಇವುಗಳಲ್ಲಿ ಯಾವುದರ ಬಾಯಲ್ಲೂ ಬರುವುದಿಲ್ಲ. ಕೈ ಏನು ಮಾಡಿತು ಅಂತ ಇವು ಹೇಳುತ್ತವೆ. ಬೆಳೆದ ಗಿಡ ಮೊದಲಿನ ಗಿಡವೇ, ಬೀಜದಿಂದ ಬಂದ ಮಕ್ಕಳ ಹಾಗೆ ಬೇರೆಯಲ್ಲ, ಅನ್ನುವುದನ್ನು ಹೇಳುವುದಿಲ್ಲ. 1903ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಹರ್ಬರ್ಟ್ ವೆಬರ್‌ಗೆ ಈ ಕೊರತೆ ಕಾಡಿತು. ಒಂದೇ ಗಿಡದಿಂದ ಬೀಜವಿಲ್ಲದೆ ಹುಟ್ಟಿದ ಎಲ್ಲ ಗಿಡಗಳಿಗೂ ಸೇರಿ ಒಂದು ಹೆಸರು ಬೇಕಿತ್ತು. ಅವರು ಗ್ರೀಕಿನಲ್ಲಿ ಕಡ್ಡಿ, ರೆಂಬೆ ಅನ್ನುವ ಅರ್ಥದ ಪದ ತೆಗೆದುಕೊಂಡು ಕ್ಲೋನ್ ಅಂತ ಮಾಡಿದರು. 1996ರಲ್ಲಿ ಸ್ಕಾಟ್ಲೆಂಡಿನಲ್ಲಿ ಡಾಲಿ ಎಂಬ ಕುರಿ ಹುಟ್ಟಿದ ಮೇಲೆ ಆ ಪದ ಮನೆಮಾತಾಯಿತು, ಗಿಡದ ನೆನಪು ಯಾರಿಗೂ ಉಳಿಯಲಿಲ್ಲ. ನನಗಂತೂ ಕ್ಲೋನ್ ಅಂದರೆ ನೆನಪಾಗುವುದು ಬ್ರ್ಯಾಮ್ಲಿ ಸೇಬು. ನಾಟಿಂಗ್‌ಹ್ಯಾಮ್‌ಶೈರ್‌ನ ಸೌತ್‌ವೆಲ್ ಊರಿನಲ್ಲಿ ಮೇರಿ ಆ್ಯನ್ ಬ್ರೇಲ್ಸ್‌ಫರ್ಡ್ ಎಂಬ ಹುಡುಗಿ 1809ರಲ್ಲಿ ಸೇಬಿನ ಬೀಜ ಹಾಕಿದಳು. ಅದು ಮರವಾಯಿತು, ಮನೆ ಬ್ರ್ಯಾಮ್ಲಿ ಎಂಬ ಕಟುಕನ ಪಾಲಾಯಿತು. 1856ರಲ್ಲಿ ಹೆನ್ರಿ ಮೆರಿವೆದರ್ ಎಂಬ ನರ್ಸರಿ ಹುಡುಗ ಬಂದು ಕಸಿ ಕಡ್ಡಿ ಕೇಳಿದ. ಕೊಡುತ್ತೇನೆ, ಸೇಬಿಗೆ ನನ್ನ ಹೆಸರಿಡಬೇಕು ಅಂದ ಬ್ರ್ಯಾಮ್ಲಿ. ಹಾಗಾಗಿ ಬೀಜ ಹಾಕಿದವಳ ಹೆಸರು ಹಣ್ಣಿಗೆ ಬರಲಿಲ್ಲ. ಆ ಹಳೆಯ ಮರಕ್ಕೆ ಅಣಬೆ ರೋಗ ಬಂದಿದೆ, ಅದು ಹೆಚ್ಚು ಕಾಲ ಇರುವ ಹಾಗಿಲ್ಲ. ಆದರೆ ಇಂಗ್ಲೆಂಡಿನಲ್ಲಿ ಬ್ರ್ಯಾಮ್ಲಿ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಇರುವುದು ಅದೇ ಮರ, ನನ್ನ ಅಲಾಟ್‌ಮೆಂಟಿನ ಗೇಟಿನ ಪಕ್ಕದ್ದೂ ಸೇರಿ.